ಎದುರು ದಡಕ್ಕೆ ಎತ್ತಿದ ಕೈ

ಆ ಕೆರೆಯಲ್ಲಿ ಗಾಳ ಹಾಕುವವರಿಗೆ ಒಂದು ಕಟ್ಟಳೆ ಇತ್ತು. ಅದನ್ನು ಯಾರೂ ಬರೆದಿಟ್ಟಿರಲಿಲ್ಲ, ಯಾರೂ ಕಾವಲು ಕಾಯುತ್ತಿರಲಿಲ್ಲ. ಮುರಿದವನ ಜೊತೆ ಉಳಿದವರು ಮಾತು ಬಿಡುತ್ತಿದ್ದರು ಅಷ್ಟೆ. ಮೊದಲೇ ಅದು ಮಾತು ಕಮ್ಮಿಯ ಜನ, ಹಾಗಾಗಿ ಈ ಶಿಕ್ಷೆ ಯಾರಿಗೂ ದೊಡ್ಡದಾಗಿ ತಟ್ಟುತ್ತಿರಲಿಲ್ಲ, ಅದು ಬೇರೆ ವಿಷಯ. ಕಟ್ಟಳೆ ಇಷ್ಟು: ಒಬ್ಬರ ಜಾಗದಲ್ಲಿ ಇನ್ನೊಬ್ಬರು ಕೂರಬಾರದು. ಬೇಸಿಗೆಯಲ್ಲಿ ನೀರು ಹಿಂದಕ್ಕೆ ಸರಿದರೆ ನಿಮ್ಮ ಕಲ್ಲಿನಿಂದ ನೇರ ಮುಂದಕ್ಕೆ ಹೋಗಿ ಕೂರಿ, ಯಾರೂ ಬೇಡ ಅನ್ನುವುದಿಲ್ಲ. ಎಡಕ್ಕೋ ಬಲಕ್ಕೋ ಸರಿದಿರೋ, ಕೆಟ್ಟಿರಿ.

ಟೈಲರಮ್ಮ ಇದನ್ನು ಕಲಿತದ್ದು ಗಂಡನಿಂದ. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು. ಹಗಲೆಲ್ಲ ಎಂಜಿನ್ನುಗಳ ಸದ್ದು ಕೇಳಿ ಕೇಳಿ ಅವನಿಗೆ ಸದ್ದೇ ಇಲ್ಲದ ಜಾಗದ ಹುಚ್ಚು ಹಿಡಿದಿತ್ತು. ರಜೆ ಸಿಕ್ಕಿತೆಂದರೆ ಗಾಳದ ಕೋಲು, ಎರೆಹುಳುವಿನ ಡಬ್ಬಿ, ಮಡಚುವ ಸ್ಟೂಲು, ಅಗಲ ಅಂಚಿನ ಹುಲ್ಲಿನ ಟೋಪಿ ಎತ್ತಿಕೊಂಡು ಕೆರೆಗೆ ಹೋಗಿಬಿಡುತ್ತಿದ್ದ. ರಿಟೈರಾದ ಮೇಲಂತೂ ಕೇಳುವುದೇ ಬೇಡ, ಮನೆಗೆ ಅವನೇ ನೆಂಟ. ಅವನ ಕಲ್ಲಿಗೆ ಸರಿಯಾಗಿ ಎದುರು ದಡದಲ್ಲಿ ಇನ್ನೊಬ್ಬನ ಕಲ್ಲು. ಆ ದಡ ಆಚೆಯ ಊರಿಗೆ ಸೇರಿದ್ದು. ನಡುವೆ ಅಷ್ಟಗಲ ನೀರು ಇದ್ದುದರಿಂದ ಕಾಣುತ್ತಿದ್ದುದು ಒಂದು ನೀಲಿ ಕೊಡೆ, ಅದರಡಿ ಒಂದು ಬಿಳಿ ಅಂಗಿ ಮಾತ್ರ. ಮುಖ ಇಲ್ಲ, ಹೆಸರಿಲ್ಲ, ಕಸುಬೇನು ಗೊತ್ತಿಲ್ಲ.

ಆದರೂ ಇಬ್ಬರೂ ವರ್ಷಗಟ್ಟಲೆ ಕೈಸನ್ನೆಯಲ್ಲೇ ಮಾತಾಡುತ್ತಿದ್ದರು. ಬಂದ ಕೂಡಲೇ ಒಂದು ಕೈ ಎತ್ತಬೇಕು. ಮೀನು ಸಿಕ್ಕರೆ ಕೋಲನ್ನು ಮೇಲೆ ಕೆಳಗೆ ಆಡಿಸಿ, ಎರಡೂ ಕೈ ಚಾಚಿ ಎಷ್ಟುದ್ದ ಎಂದು ತೋರಿಸಬೇಕು. ಇಬ್ಬರೂ ಸುಳ್ಳೇ ಹೇಳುತ್ತಿದ್ದರು, ಇಬ್ಬರಿಗೂ ಅದು ಗೊತ್ತಿತ್ತು. ಏನೂ ಸಿಗದಿದ್ದರೆ ಎರಡು ಅಂಗೈ ಬಿಚ್ಚಿ ತೋರಿಸಬೇಕು. ಹೊರಡುವಾಗ ಟೋಪಿ ತೆಗೆದು ಹಾಕಿಕೊಳ್ಳಬೇಕು. ರಾತ್ರಿ ಊಟಕ್ಕೆ ಕೂತಾಗ ಗಂಡ, 'ಎದುರು ದಡದವನಿಗೆ ಇವತ್ತು ಭಾರಿ ಮೀನು, ಒಂದು ಮೊಳ ಇದ್ದೀತು, ಅವನು ತೋರಿಸಿದ್ದು ಎರಡು ಮೊಳ' ಎಂದು ನಗುತ್ತಿದ್ದ. ಒಂದು ಸಲ ಸುತ್ತು ಹಾಕಿಕೊಂಡು ಹೋಗಿ ಮಾತಾಡಿಸಿ ಬರಬಾರದೇ ಎಂದು ಅವಳು ಕೇಳಿದ್ದುಂಟು. ಹೋದರಾಯಿತು ಬಿಡು, ಅವನೆಲ್ಲಿಗೆ ಓಡಿಹೋಗುತ್ತಾನೆ ಎನ್ನುತ್ತಿದ್ದ. ಒಂದು ಚಳಿಗಾಲದ ಬೆಳಿಗ್ಗೆ ಶೂ ಹಾಕಿಕೊಳ್ಳಲೆಂದು ಬಗ್ಗಿದವನು ಮತ್ತೆ ತಲೆ ಎತ್ತಲಿಲ್ಲ. ಓಡಿಹೋದವನು ಇವನೇ.

ಆಮೇಲೆ ಮನೆಯಲ್ಲಿ ಅವಳು ಮತ್ತು ಹೊಲಿಗೆ ಮೆಷಿನ್ನು, ಇಬ್ಬರೇ. ನೆಂಟರು ಬಂದರು, ಧೈರ್ಯ ಹೇಳಿದರು, ತಮ್ಮ ತಮ್ಮ ಕಷ್ಟಗಳನ್ನೂ ಹೇಳಿಕೊಂಡರು, ಹೋದರು. ಎರಡು ತಿಂಗಳು ಕಳೆದ ಮೇಲೆ ಒಂದು ಮುಂಜಾನೆ ಗೋಡೆಗಳನ್ನು ನೋಡಿ ನೋಡಿ ತಲೆ ಕೆಟ್ಟು, ಅವಳು ಗಂಡನ ಗಾಳದ ಕೋಲು ಎತ್ತಿಕೊಂಡು ಹೊರಟುಬಿಟ್ಟಳು. ಬಿಸಿಲಿಗೆಂದು ಅವನ ತುಂಬುತೋಳಿನ ಅಂಗಿಯನ್ನೇ ಮೇಲೆ ಹಾಕಿಕೊಂಡಳು, ಅವನ ಟೋಪಿಯನ್ನೇ ಇಟ್ಟುಕೊಂಡಳು. ಕಲ್ಲಿನ ಮೇಲೆ ಕೂತು ಹುಳು ಸಿಕ್ಕಿಸಲು ಬಾರದೆ ಬೆರಳು ಚುಚ್ಚಿಕೊಂಡು ತಲೆ ಎತ್ತಿದಾಗ ಎದುರು ದಡದ ನೀಲಿ ಕೊಡೆಯ ಕೆಳಗಿನಿಂದ ಒಂದು ಕೈ ಮೇಲೆದ್ದಿತು. ಎದ್ದದ್ದು ಕೆಳಗಿಳಿಯಲಿಲ್ಲ, ಬಹಳ ಹೊತ್ತು ಹಾಗೆಯೇ ನಿಂತಿತ್ತು.

ಅವನಿಗೆ ಗೊತ್ತಾಗಿದೆ ಎಂದುಕೊಂಡಳು ಟೈಲರಮ್ಮ. ಎರಡು ತಿಂಗಳು ಕಲ್ಲು ಖಾಲಿ ಇತ್ತು, ಈಗ ಹೆಂಡತಿ ಬಂದು ಕೂತಿದ್ದಾಳೆ, ಅರ್ಥ ಮಾಡಿಕೊಳ್ಳಲು ಇನ್ನೇನು ಬೇಕು? ಧೈರ್ಯದ ಒಂದು ಮಾತೂ ಆಡದೆ ದುಃಖ ಹಂಚಿಕೊಂಡವನು ಇವನೊಬ್ಬನೇ ಎಂದು ಅವಳಿಗೆ ಅನ್ನಿಸಿತು. ಅವಳೂ ಕೈ ಎತ್ತಿದಳು. ಅವತ್ತಿನಿಂದ ಮೂರು ವರ್ಷ, ಮಳೆ ಇರಲಿ ಚಳಿ ಇರಲಿ, ಆ ಕೈಗಾಗಿಯೇ ಅವಳು ಕೆರೆಗೆ ಹೋದಳು. ಮೀನು ಬರೀ ನೆಪ. ಸಿಕ್ಕ ಮೀನನ್ನು ಒಬ್ಬಳಿಗೇ ಎಂದು ಹುರಿದುಕೊಳ್ಳಲು ಬೇಸರವಾಗಿ ಹೆಚ್ಚಿನದನ್ನು ಮತ್ತೆ ನೀರಿಗೇ ಬಿಡುತ್ತಿದ್ದಳು. ಬಿಡುವ ಮೊದಲು ಅಳತೆ ತೋರಿಸುವುದನ್ನು ಮಾತ್ರ ತಪ್ಪಿಸುತ್ತಿರಲಿಲ್ಲ. ಟೈಲರ್ ಅಲ್ಲವೇ, ಅವಳಿಗೆ ಅಳತೆಯಲ್ಲಿ ಸುಳ್ಳು ಹೇಳಲು ಮೊದಮೊದಲು ಕಷ್ಟವಾಯಿತು, ಆಮೇಲೆ ಕೈ ಕುದುರಿತು.

ಆ ವರ್ಷದ ಬೇಸಿಗೆ ಬಂತು ನೋಡಿ, ಅದನ್ನು ಬೇಸಿಗೆ ಎನ್ನುವುದು ಮರ್ಯಾದೆಯ ಮಾತು. ರಸ್ತೆಯ ಡಾಂಬರು ಚಪ್ಪಲಿಗೆ ಅಂಟಿಕೊಂಡು ಬರುತ್ತಿತ್ತು. ಕಾಗೆಗಳು ಬಾಯಿ ತೆರೆದುಕೊಂಡು ಕೂರುತ್ತಿದ್ದವು, ಕೂಗುವುದನ್ನೇ ಮರೆತಿದ್ದವು. ಟೈಲರಮ್ಮನ ಮನೆ ಮೇಲಂತಸ್ತಿನದು, ಸೂರಿಗೂ ಸೂರ್ಯನಿಗೂ ನಡುವೆ ಇನ್ನೇನೂ ಇರಲಿಲ್ಲ. ಮೆಷಿನ್ನಿನ ಚಕ್ರ ಮುಟ್ಟಿದರೆ ಕೈ ಚುರ್ರೆನ್ನುತ್ತಿತ್ತು, ಬೆವರಿಗೆ ಬಟ್ಟೆ ಜಾರುತ್ತಿತ್ತು. ಗಿರಾಕಿಗಳೂ ಬರುತ್ತಿರಲಿಲ್ಲ. ಮೈಮೇಲೆ ಇರುವ ಬಟ್ಟೆಯನ್ನೇ ಕಿತ್ತೆಸೆಯೋಣ ಅನ್ನಿಸುವ ದಿನಗಳಲ್ಲಿ ಹೊಸ ಬಟ್ಟೆ ಹೊಲಿಸುವವರು ಯಾರು? ಅವಳು ಬೆಳಗಿನ ಜಾವಕ್ಕೇ ಕೆರೆಗೆ ಹೋಗಿ, ಬಿಸಿಲು ನೆತ್ತಿಗೆ ಬರುವ ತನಕ ಕೂತು, ಮತ್ತೆ ಸಂಜೆ ಹೋಗುತ್ತಿದ್ದಳು.

ಕೆರೆಯೂ ಸೋತಿತ್ತು. ನೀರು ದಿನದಿಂದ ದಿನಕ್ಕೆ ಹಿಂದೆ ಸರಿಯಿತು. ಹಿಂದೆ ಸರಿದ ಕಡೆ ಕೆಸರು, ಕೆಸರು ಒಣಗಿದ ಕಡೆ ಅಂಗಾಲು ಸಿಕ್ಕಿಕೊಳ್ಳುವಷ್ಟು ಅಗಲದ ಬಿರುಕು. ಎಷ್ಟೋ ವರ್ಷದಿಂದ ಮುಳುಗಿದ್ದ ಟೈರು, ಸೈಕಲ್ಲು, ಒಂದು ಕಾಲಿಲ್ಲದ ಕುರ್ಚಿ ಎಲ್ಲ ಮೇಲೆ ಬಂದು ಗಾಳಿ ತೆಗೆದುಕೊಂಡವು. ಮೀನುಗಳು ಬೆಳಗಿನ ಹೊತ್ತು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆದು ಮುಚ್ಚಿ ಒದ್ದಾಡುತ್ತಿದ್ದವು. ಗಾಳಕ್ಕೆ ಬಾಯಿ ಹಾಕುವ ಆಸೆಯೂ ಅವಕ್ಕೆ ಉಳಿದಿರಲಿಲ್ಲ. ಒಬ್ಬೊಬ್ಬರಾಗಿ ಗಾಳದವರೆಲ್ಲ ಕೋಲು ಮಡಚಿಟ್ಟರು. ಉಳಿದವರು ಇಬ್ಬರೇ. ನೀರು ಹಿಂದೆ ಹೋದಂತೆ ಟೈಲರಮ್ಮ ಕಟ್ಟಳೆಯ ಪ್ರಕಾರ ಸ್ಟೂಲನ್ನು ನೇರ ಮುಂದಕ್ಕೆ ಹಾಕುತ್ತಾ ಹೋದಳು. ಎದುರಿನ ನೀಲಿ ಕೊಡೆಯೂ ನೇರ ಮುಂದಕ್ಕೆ ಬರುತ್ತಾ ಹೋಯಿತು. ಕೊಡೆಯ ಒಂದು ಕಡ್ಡಿ ಮುರಿದಿದೆ ಎಂದು ಒಂದು ದಿನ ಕಂಡಿತು. ಇನ್ನೊಂದು ದಿನ ಅವನು ಒಂದು ಕಾಲು ನೀಡಿಕೊಂಡು ಕೂರುತ್ತಾನೆ ಎಂದು ಕಂಡಿತು. ಅವಳು ಮನೆಯಲ್ಲಿ ಕನ್ನಡಿ ನೋಡಿಕೊಂಡು, ಈ ವಯಸ್ಸಿಗೆ ಇದೇನು ಎಂದು ತನ್ನನ್ನೇ ಬೈದುಕೊಂಡು, ಆದರೂ ಅಂಗಿಯನ್ನು ಇಸ್ತ್ರಿ ಮಾಡಿದಳು. ತಪ್ಪು ತಿಳಿಯಬೇಡಿ. ಅವಳಿಗೆ ಬೇಕಿದ್ದುದು ಎರಡು ಮಾತು, ಅಷ್ಟೇ. ಮೂರು ವರ್ಷದಿಂದ ಯಾರ ಹತ್ತಿರವೂ ಅಳತೆ ಮತ್ತು ಬಟನ್ನು ಬಿಟ್ಟು ಬೇರೆ ಮಾತಾಡಿರಲಿಲ್ಲ.

ಐಸ್‌ನವನು ಬಂದದ್ದು ಆಗಲೇ. ಹೊಟ್ಟೆಯ ಮೇಲೆ ಅಂಗಿಯ ಗುಂಡಿ ನಿಲ್ಲದ ಆಸಾಮಿ. ಹಳೆಯ ಮೊಪೆಡ್ಡಿನ ಹಿಂದೆ ಥರ್ಮಾಕೋಲ್ ಪೆಟ್ಟಿಗೆ ಕಟ್ಟಿಕೊಂಡು ತಣ್ಣೀರು, ಸೋಡಾ, ಐಸ್ ಮಾರುತ್ತಾ ಎರಡೂ ದಡ ಸುತ್ತುತ್ತಿದ್ದ. ಬಿಸಿಲು ಹೆಚ್ಚಿದಷ್ಟೂ ಅವನ ಮುಖ ಅರಳುತ್ತಿತ್ತು. ಅವತ್ತು ಟೈಲರಮ್ಮನಿಗೆ ಒಂದು ಸೋಡಾ ಒಡೆದುಕೊಟ್ಟು, ನಗು ತಡೆಯಲಾಗದೆ ಅಲ್ಲೇ ಕುಕ್ಕರುಗಾಲಲ್ಲಿ ಕೂತ.

"ಅಕ್ಕಾ, ಆ ಕಡೆ ದಡದ ಯಜಮಾನ್ರು ನಿಮಗೆ ಒಂದು ಮಾತು ಹೇಳಿ ಕಳಿಸಿದಾರೆ. ನಿಮಗಲ್ಲ, 'ಎದುರು ದಡದ ಟೋಪಿ ಯಜಮಾನರಿಗೆ' ಅಂದ್ರು. ಮೂರು ವರ್ಷದ ಹಿಂದೆ ಏನೋ ಕಾಯಿಲೆ ಬಿದ್ದು ಎದ್ದು ಬಂದ್ರಂತಲ್ಲ, ಅವಾಗಿಂದ ಸ್ವಲ್ಪ ಇಳಿದುಹೋಗಿದಾರೆ, ಬಗ್ಗಿ ಕೂರ್ತಾರೆ, ಈಗ ಹೇಗಿದಾರೆ ಕೇಳ್ಕೊಂಡು ಬಾ ಅಂದ್ರು."

ಐಸ್‌ನವನು ತನ್ನ ಪಾಡಿಗೆ ಮುಂದುವರಿಸಿದ. ಆ ಯಜಮಾನರದು ಒಂಟಿ ಜೀವವಂತೆ. ಇನ್ನು ಸ್ವಲ್ಪ ದಿನದಲ್ಲಿ ನೀರೆಲ್ಲ ಬತ್ತಿದರೆ ಎದುರು ಬದುರು ಕೂತು ಮಾತಾಡಬಹುದು, ಇಷ್ಟು ವರ್ಷದ ಸ್ನೇಹಿತನ ಮುಖ ನೋಡಿದ ಹಾಗಾಗುತ್ತದೆ ಎಂದು ಹುಡುಗರ ಹಾಗೆ ಕಾಯುತ್ತಿದ್ದಾರಂತೆ. ಈ ಬೇಸಿಗೆಯಿಂದ ಖುಷಿಯಾಗಿರುವುದು ಎರಡೂ ಊರು ಸೇರಿ ಇಬ್ಬರೇ, ಅವರೊಬ್ಬರು, ತಾನೊಬ್ಬ ಎಂದು ಅವನೇ ನಕ್ಕ. ಅಲ್ಲಿರುವುದು ಯಜಮಾನರಲ್ಲ, ಅಕ್ಕ ಎಂದು ಹೇಳಲಿಲ್ಲವೇ ಎಂದು ಅವಳು ಕೇಳಿದಳು. ನನ್ನ ಕೆಲಸ ಐಸ್ ಮಾರುವುದು ಅಕ್ಕಾ, ಗಂಡೋ ಹೆಣ್ಣೋ ಹೇಳುವುದಲ್ಲ ಎಂದ. ಹೇಳಬೇಡ ಎಂದಳು. ಅವನು ಖಾಲಿ ಬಾಟಲಿ ತೆಗೆದುಕೊಂಡು ಹೋದ.

ಅವನು ಹೋದ ಮೇಲೆ ಅವಳಿಗೆ ಮೊದಲು ಬಂದದ್ದು ದುಃಖ ಅಲ್ಲ, ಸಿಟ್ಟು. ಮೂರು ವರ್ಷ ತನಗೆಂದು ಎತ್ತಿದ ಕೈ ತನಗಲ್ಲವೇ ಅಲ್ಲ. ಅದು ಸಂತಾಪವೂ ಅಲ್ಲ, ಕಾಯಿಲೆಯಿಂದ ಎದ್ದು ಬಂದ ಸ್ನೇಹಿತನಿಗೆ ಹೇಳಿದ ಸ್ವಾಗತ. ತಾನು ಅಲ್ಲಿ ಇದ್ದೇ ಇಲ್ಲ, ಇದ್ದದ್ದು ಒಂದು ಟೋಪಿ ಮತ್ತು ಒಂದು ಅಂಗಿ. ಇಷ್ಟು ದೊಡ್ಡ ಲೋಕದಲ್ಲಿ ದಿನಕ್ಕೊಂದು ಸಲ ತನ್ನನ್ನು ನೋಡಿ ಕೈ ಎತ್ತುವ ಒಬ್ಬನಿದ್ದಾನೆ ಎಂದುಕೊಂಡಿದ್ದಳು, ಅವನೂ ಗಂಡನ ಪಾಲಾದ. ಸತ್ತ ಗಂಡನ ಮೇಲೆ ಹೊಟ್ಟೆಕಿಚ್ಚು ಪಡುವ ಹೆಂಗಸು ತಾನೊಬ್ಬಳೇ ಇರಬೇಕು ಎನ್ನಿಸಿ ನಗುವೂ ಬಂತು, ಆಮೇಲೆ ಅದು ನಗುವಾಗಿ ಉಳಿಯಲಿಲ್ಲ. ಅವತ್ತು ಎದುರು ದಡದವನು ಹೊರಡುವಾಗ ತಲೆಗೆ ಕಟ್ಟಿದ್ದ ಬಟ್ಟೆ ತೆಗೆದು ಬೀಸಿದ. ಅವಳು ಟೋಪಿ ಮುಟ್ಟಲಿಲ್ಲ.

ಎರಡು ದಿನ ಅವಳು ಕೆರೆಯ ಕಡೆ ಹೋಗಲಿಲ್ಲ. ಮನೆ ಬೆಂಕಿಗೂಡಾಗಿತ್ತು. ನೆಲಕ್ಕೆ ನೀರು ಚೆಲ್ಲಿ ಅದರ ಮೇಲೆ ಮಲಗಿದಳು, ನೀರು ಅವಳು ಮಲಗುವ ಮೊದಲೇ ಆರಿತು. ತಂಗಿಯ ಫೋನು ಬಂತು. ಊರಿನ ಸೆಕೆ, ಸೊಸೆಯ ದೂರು ಎಲ್ಲ ಆದ ಮೇಲೆ, ಇನ್ನೂ ಆ ಹಾಳು ಕೆರೆಗೆ ಹೋಗುತ್ತೀಯಾ ಎಂದು ತಂಗಿ ಕೇಳಿದಳು. ಭಾವ ಹೋಗಿ ಎಷ್ಟು ಕಾಲವಾಯಿತು, ಅವರ ಅಂಗಿ ಹಾಕಿಕೊಂಡು ಬಿಸಿಲಲ್ಲಿ ಕೂತರೆ ಅವರೇನು ಬರುತ್ತಾರಾ, ಅದನ್ನೆಲ್ಲ ಯಾರಿಗಾದರೂ ಕೊಟ್ಟುಬಿಡು ಎಂದಳು. ತಂಗಿಯ ಮನಸ್ಸು ಕೆಟ್ಟದ್ದಲ್ಲ, ಬಾಯಿ ಮಾತ್ರ ಕತ್ತರಿ. ಟೈಲರಮ್ಮ ಹೂಂ ಎಂದು ಫೋನಿಟ್ಟಳು.

ಇಟ್ಟ ಮೇಲೆ ಕೂತು ಯೋಚಿಸಿದಳು. ತಂಗಿಗೆ ಅವನು ಹೋದ ಭಾವ. ಡಿಪೋದವರಿಗೆ ಗೋಡೆಯ ಮೇಲಿನ ಒಂದು ಫೋಟೋ, ಅದೂ ಈಗ ಇದೆಯೋ ಇಲ್ಲವೋ. ಬೀದಿಯವರಿಗೆ ನೆನಪೂ ಇಲ್ಲ. ಅವನು ಇನ್ನೂ ಬದುಕಿರುವುದು ಎದುರು ದಡದಲ್ಲಿ, ಆ ಮುರಿದ ಕೊಡೆಯವನ ಕಣ್ಣಲ್ಲಿ ಮಾತ್ರ. ಅಲ್ಲಿ ಅವನಿಗೆ ಸ್ವಲ್ಪ ಬೆನ್ನು ಬಾಗಿದೆ, ಸ್ವಲ್ಪ ಇಳಿದುಹೋಗಿದ್ದಾನೆ, ಆದರೆ ಬೆಳಿಗ್ಗೆ ಏಳುತ್ತಾನೆ, ಮೀನು ಹಿಡಿಯುತ್ತಾನೆ, ಸುಳ್ಳು ಅಳತೆ ತೋರಿಸುತ್ತಾನೆ. ತಾನು ಹೋಗಿ ಮುಖ ತೋರಿಸಿದರೆ ಅಲ್ಲಿಯೂ ಅವನು ಸಾಯುತ್ತಾನೆ. ಹೋಗದೆ ಉಳಿದರೆ ಕೆರೆ ಬತ್ತಿದ ಮೇಲೂ ಆ ಮನುಷ್ಯನಿಗೆ ಸ್ನೇಹಿತ ಎಲ್ಲೋ ಇದ್ದಾನೆ, ಯಾಕೋ ಬರಲಿಲ್ಲ, ಅಷ್ಟೇ. ಹೋಗದಿರುವುದೇ ಸರಿ ಎಂದು ತೀರ್ಮಾನಿಸಿದಳು. ತೀರ್ಮಾನವಾದ ಮೇಲೆ ನಿದ್ದೆ ಬರಬೇಕಿತ್ತು, ಬರಲಿಲ್ಲ. ಒಣಗಿದ ಕೆರೆಯ ನಡುವೆ ಸ್ನೇಹಿತ ಬರುತ್ತಾನೆಂದು ಕೂತು ಕಾಯುವ ಮುದುಕನೊಬ್ಬ ಕಣ್ಣಿಗೆ ಕಟ್ಟುತ್ತಿದ್ದ. ಕಾದರೂ ಯಾರೂ ಬಾರದ ಮನೆ ಹೇಗಿರುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮೂರನೆಯ ದಿನ ನಸುಕಿನಲ್ಲೇ ಹೊರಟಳು. ಅಂಗಿ, ಟೋಪಿ ಹಾಕಿಕೊಂಡೇ ಹೊರಟಳು, ಬಿಸಿಲಿಗೆ ಬೇಕೇ ಬೇಕಲ್ಲ. ಹೋಗಿ ನೋಡಿದರೆ ಕೆರೆಯಲ್ಲಿ ಕೆರೆಯೇ ಇರಲಿಲ್ಲ. ನಡುವೆ ಒಂದು ಕಾಲುವೆಯಷ್ಟು ಕಂದು ನೀರು, ಅದರ ಎರಡೂ ಕಡೆ ಹಸಿ ಕೆಸರು. ಉಳಿದ ಮೀನುಗಳು ಬೆನ್ನು ತೋರಿಸಿಕೊಂಡು ಆ ನೀರಲ್ಲೇ ಒತ್ತೊತ್ತಾಗಿ ಹೊರಳುತ್ತಿದ್ದವು, ಗಾಳ ಬೇಡ, ಬಾಗಿ ಬಾಚಿಕೊಳ್ಳಬಹುದಿತ್ತು. ಅವಳು ಗಾಳ ಬಿಚ್ಚಲಿಲ್ಲ. ಬಿರುಕು ದಾಟಿ, ಸೈಕಲ್ಲು ದಾಟಿ, ನೆಲ ಗಟ್ಟಿ ಇರುವ ತನಕ ನೇರ ಮುಂದಕ್ಕೆ ನಡೆದು ಸ್ಟೂಲು ಹಾಕಿದಳು. ಎದುರಿನಿಂದ ನೀಲಿ ಕೊಡೆ ಕುಂಟುತ್ತಾ ಬರುತ್ತಿತ್ತು.

ಅವನು ಕೆಸರಿನ ಅಂಚಿಗೆ ಬಂದು ನಿಂತ. ಎಪ್ಪತ್ತು ದಾಟಿದ ಮುದುಕ, ಹಲ್ಲು ಅಲ್ಲೊಂದು ಇಲ್ಲೊಂದು, ಬಿಳಿ ಅಂಗಿಯ ಕಾಲರು ತಿರುಗಿಸಿ ಹೊಲಿದದ್ದು. ಕೈ ಎತ್ತಿದ. ಕೈಯ ಜೊತೆ ಮೊದಲ ಸಲ ದನಿಯೂ ಬಂತು.

"ಎರಡು ದಿನ ಹೆದರಿಸಿಬಿಟ್ರಲ್ಲ ಯಜಮಾನ್ರೇ. ಕೊನೆಗೂ ಹತ್ತಿರ ಬಂದ್ವಿ ನೋಡಿ."

ಟೈಲರಮ್ಮ ಟೋಪಿ ತೆಗೆದಳು. ನರೆತ ಕೂದಲ ಗಂಟು ಬಿಚ್ಚಿ ಬೆನ್ನಿಗೆ ಬಿತ್ತು. ಮುದುಕ ಅವಳನ್ನು ನೋಡಿದ, ಆಮೇಲೆ ಅವಳನ್ನು ದಾಟಿ ಹಿಂದಿನ ದಡವನ್ನು ನೋಡಿದ. ಮುಖದ ನಗು ಇನ್ನೂ ಹಾಗೆಯೇ ಇತ್ತು.

"ಅವರು ಹಿಂದೆ ಬರ್ತಿದಾರಾ ಅಮ್ಮಾ?"

ಇಲ್ಲ ಎಂದು ತಲೆಯಾಡಿಸಿದಳು. ಮತ್ತೆ ಹುಷಾರು ತಪ್ಪಿದರಾ ಎಂದು ಅವನು ಕೇಳಿದ.

"ಅವರು ಹೋಗಿ ಮೂರು ವರ್ಷ ಆಯ್ತು," ಎಂದಳು. "ಇಷ್ಟು ದಿನ ಇಲ್ಲಿ ಕೂರ್ತಿದ್ದವಳು ನಾನು. ಅವರ ಹೆಂಡತಿ. ನಿಮಗೆ ಗೊತ್ತು ಅಂದ್ಕೊಂಡಿದ್ದೆ."

ಮುದುಕ ಅವಳ ಕೈಯಲ್ಲಿದ್ದ ಟೋಪಿ ನೋಡಿದ, ಅಂಗಿ ನೋಡಿದ, ಸ್ಟೂಲು ನೋಡಿದ. ಮಳೆಗಾಲದಲ್ಲಿ ಹಿಡಿದ ಆ ದೊಡ್ಡ ಮೀನು ಎಂದು ಏನೋ ಕೇಳಲು ಹೊರಟ. ಅದೂ ನಾನೇ, ತೋರಿಸಿದಷ್ಟು ದೊಡ್ಡದಿರಲಿಲ್ಲ ಎಂದಳು ಅವಳು. ಅವನು ತಲೆಯಾಡಿಸಿದ. ಈಗ ಬೈಯುತ್ತಾನೆ, ಮೋಸ ಮಾಡಿದೆ ಅನ್ನುತ್ತಾನೆ, ಕೊಡೆ ಮಡಚಿಕೊಂಡು ಹೋಗುತ್ತಾನೆ ಎಂದು ಅವಳು ಕಾದು ನಿಂತಳು. ಅವನು ಕೊಡೆ ಬಿಟ್ಟುಬಿಟ್ಟ. ಅದು ಹೊರಳಿಕೊಂಡು ಹೋಗಿ ಕೆಸರಿಗೆ ಬಿತ್ತು. ಅವನು ಆ ಕಾದ ನೆಲದ ಮೇಲೆ ಹಾಗೆಯೇ ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದ. ನಾಚಿಕೆಯಿಲ್ಲದೆ, ಸದ್ದು ಮಾಡಿ ಅತ್ತ.

ಟೈಲರಮ್ಮ ಕಣ್ಣು ಬಿಟ್ಟು ನೋಡುತ್ತಾ ನಿಂತಳು. ಗಂಡನಿಗಾಗಿ ಯಾರಾದರೂ ಅತ್ತದ್ದನ್ನು ಅವಳು ಕಂಡು ಎಷ್ಟೋ ಕಾಲವಾಗಿತ್ತು. ತನ್ನ ಅಳುವನ್ನೂ ಅವಳು ನಿಲ್ಲಿಸಿಬಿಟ್ಟಿದ್ದಳು. ಹಳೆಯ ಸಾವಿಗೆ ಅಳುವವರನ್ನು ಕಂಡರೆ ಜನ ದಾರಿ ಬದಲಿಸುತ್ತಾರೆ ಎಂದು ಕಲಿತಿದ್ದಳು. ಇವನಿಗೆ ಅದು ಹಳೆಯದಲ್ಲ. ಇವನ ಪಾಲಿಗೆ ಆ ಮನುಷ್ಯ ಆಚೆಮೊನ್ನೆ ಸಂಜೆ ತನಕ ಎದುರಿಗೇ ಇದ್ದ, ಈಗ, ಈ ಗಳಿಗೆಯಲ್ಲಿ ಹೋದ. ಸಾವಿನ ಮನೆಗೆ ಮೊದಲು ಓಡಿ ಬರಬೇಕಾದವನು ಮೂರು ವರ್ಷ ತಡವಾಗಿ ಬಂದು ಕೂತಿದ್ದ. ಅವಳಿಗೂ ಅಳು ಬಂತು.

ಹೋಗಿ ಅವನ ಬೆನ್ನಿನ ಮೇಲೆ ಕೈ ಇಡೋಣವೆಂದು ಒಂದು ಹೆಜ್ಜೆ ಮುಂದಿಟ್ಟಳು. ಕೆಸರು ಮಂಡಿಯ ತನಕ ನುಂಗಿತು. ಬರಬೇಡಿ ಅಮ್ಮಾ, ಅಲ್ಲಿ ಆಳ ಇದೆ ಎಂದು ಅವನು ಅಳುವಿನ ನಡುವೆಯೇ ಕೂಗಿದ. ಕಾಲು ಕಿತ್ತುಕೊಂಡು ಹಿಂದೆ ಬಂದು ಅವಳು ನೆಲದ ಮೇಲೆ ಕೂತಳು. ಅಂಥ ಹೊತ್ತಿನಲ್ಲಿ ಪಿಸುಗುಟ್ಟಿ ಕೇಳುವ ಮಾತುಗಳನ್ನು ಇಬ್ಬರೂ ಅರಚಿ ಕೇಳಿ ಅರಚಿ ಹೇಳಬೇಕಾಯಿತು. ಹೇಗಾಯಿತು ಎಂದು ಅವನು ಕೇಳಿದ. ಶೂ ಹಾಕಿಕೊಳ್ಳಲು ಬಗ್ಗಿದ್ದನ್ನು ಕೂಗಿ ಹೇಳಿದಳು. ನೋವು ತಿಂದರಾ ಎಂದ. ಇಲ್ಲ ಎಂದು ಕೂಗಿದಳು. ಅವತ್ತು ಎಲ್ಲಿಗೆ ಹೊರಟಿದ್ದರು ಎಂದ. ಯಾರೂ ಅವಳನ್ನು ಇದನ್ನು ಕೇಳಿರಲಿಲ್ಲ. ಇಲ್ಲಿಗೇ, ಕೆರೆಗೇ ಹೊರಟಿದ್ದರು ಎಂದಳು. ಮುದುಕ ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡ. ಬಿಸಿಲು ಏರತೊಡಗಿತ್ತು. ಇಬ್ಬರೂ ಏಳಲಿಲ್ಲ.

"ಅವರ ಹೆಸರೇನಮ್ಮ?" ಎಂದ ಕೊನೆಗೆ. "ಇಷ್ಟು ವರ್ಷ ಆದ್ರೂ ನನಗೆ ಅದೊಂದು ಗೊತ್ತಾಗಲೇ ಇಲ್ಲ."

ಅವಳು ಹೇಳಿದಳು. ಮೂರು ವರ್ಷದಿಂದ ಆ ಹೆಸರನ್ನು ಅವಳು ಬಾಯಿಬಿಟ್ಟು ಕರೆದಿರಲಿಲ್ಲ, ಕರೆಯಲು ಮನೆಯಲ್ಲಿ ಯಾರಿದ್ದರು? ದನಿ ನಡುವೆಯೇ ಒಡೆಯಿತು, ಆಚೆಗೆ ತಲುಪಲಿಲ್ಲ. ಮುದುಕ ಕಿವಿಗೆ ಅಂಗೈ ಹಿಡಿದು ಮುಂದಕ್ಕೆ ಬಾಗಿದ.

"ಕೇಳಿಸಲಿಲ್ಲಮ್ಮ. ಇನ್ನೊಂದ್ಸಲ ಹೇಳಿ."

ಟೈಲರಮ್ಮ ಎದ್ದು ನಿಂತಳು. ಊಟ ಆರುತ್ತಿದೆ ಎಂದು ಮೇಲಂತಸ್ತಿನ ಕಿಟಕಿಯಿಂದ ಬೀದಿ ತುದಿಯಲ್ಲಿದ್ದವನನ್ನು ಕರೆಯುತ್ತಿದ್ದ ದನಿ ಅವಳಲ್ಲಿ ಇನ್ನೂ ಇತ್ತು. ಆ ದನಿಯಲ್ಲೇ, ಗಂಟಲು ಬಿಟ್ಟು, ಬರಿದಾದ ಕೆರೆಗೆಲ್ಲ ಕೇಳುವ ಹಾಗೆ ಅವಳು ಗಂಡನ ಹೆಸರು ಹಿಡಿದು ಕೂಗಿದಳು.